ಕೈ ಎತ್ತದೆ ಹತ್ತಮ್ಮ ಅಂದವರು

ಕಳೆದ ತಿಂಗಳು ಆಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ಅವರಿಗೆ ಬೀಳ್ಕೊಡುಗೆ ನಡೆಯಿತು. ವಯಸ್ಸಾಯಿತು, ಹೊಲಿಗೆ ಕಾರ್ಖಾನೆಯನ್ನು ಬೇರೆಯವರಿಗೆ ವಹಿಸಿ ಮೈಸೂರಿನ ಮಗಳ ಮನೆಗೆ ಹೊರಟಿದ್ದರು. ಆ ಸಂದರ್ಭಕ್ಕೆ ನೆನಪಿನ ಸಂಚಿಕೆ ತರುತ್ತೇವೆ, ನೀವು ಅವರನ್ನು ಹತ್ತಿರದಿಂದ ಕಂಡವರು, ಎರಡು ಒಳ್ಳೆಯ ಮಾತು ಬರೆದುಕೊಡಿ ಎಂದು ಸಂಘಟಕರು ನನಗೆ ಫೋನ್ ಮೇಲೆ ಫೋನ್ ಮಾಡಿದರು. ಎರಡು ಒಳ್ಳೆಯ ಮಾತು! ಕೂತು ಹುಡುಕಿದೆ. ಒಂದು ಸಿಕ್ಕಿತು, ಅದನ್ನು ಮುಂದೆ ಹೇಳುತ್ತೇನೆ. ಇನ್ನೊಂದು ಏನು ಮಾಡಿದರೂ ಸಿಗಲಿಲ್ಲ. ಸಂಚಿಕೆ ನನ್ನ ಬರಹವಿಲ್ಲದೆ ಅಚ್ಚಾಯಿತು, ಯಾರ ಗಂಟೂ ಹೋಗಲಿಲ್ಲ. ಈಗ ಎಲ್ಲ ಮುಗಿದ ಮೇಲೆ ಯಾರೂ ಕೇಳದೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ, ಬೈದಿದ್ದಾಳೆ ಅನ್ನುವುದು ಅವರ ತಲೆಗೆ ಹೋಗುವುದಿಲ್ಲ, ಅಚ್ಚಿನಲ್ಲಿ ಹೆಸರು ಬಂತಲ್ಲ ಎಂದು ಪುಟ ಕತ್ತರಿಸಿ ಫ್ರೇಮ್ ಹಾಕಿಸುವ ಪೈಕಿ ಅವರು.

ನಾವೆಲ್ಲ ಅವರನ್ನು ಸಾರ್ ಅನ್ನುತ್ತಿದ್ದೆವು. ನಾನೂ ಇಲ್ಲಿ ಹಾಗೇ ಅನ್ನುತ್ತೇನೆ.

ನಾನು ಹೆತ್ತೂರಿನಿಂದ ಆಚೆ ಒಂದು ಸಾಹಸ ಶಿಬಿರದಲ್ಲಿ ಬಂಡೆ ಹತ್ತುವುದನ್ನು ಕಲಿಸುತ್ತೇನೆ. ಬಂಡೆ ಹತ್ತಲು ಬರುವ ಹೆಣ್ಣುಮಕ್ಕಳು ಏನು ಹಾಕಿಕೊಳ್ಳಬೇಕು ಅನ್ನುವುದೇ ನಮಗೆ ಮೊದಲಿನಿಂದ ದೊಡ್ಡ ತಲೆನೋವು. ಚೂಡಿದಾರದ ಪ್ಯಾಂಟು ಮಂಡಿ ಎತ್ತಿದರೆ ಹರಿಯುತ್ತದೆ. ಜೀನ್ಸ್ ಮಡಚುವುದಿಲ್ಲ. ಗಂಡಸರ ಟ್ರ್ಯಾಕ್ ಪ್ಯಾಂಟು ನಮ್ಮ ಸೊಂಟದಲ್ಲಿ ಕೂರುವುದಿಲ್ಲ. ಇದರ ಮೇಲೆ ಹಾರ್ನೆಸ್ ಬೇರೆ ಬರಬೇಕು. ಹಾರ್ನೆಸ್ ಅಂದರೆ ಸೊಂಟಕ್ಕೊಂದು, ತೊಡೆಗೊಂದೊಂದು ದಪ್ಪ ಪಟ್ಟಿ. ಹಗ್ಗದ ಗಂಟು ಬೀಳುವುದು ಅದಕ್ಕೇ, ಹತ್ತುವವಳ ಜೀವ ಇರುವುದೂ ಅದರಲ್ಲೇ. ಪ್ಯಾಂಟಿನ ಲಾಡಿಯ ಗಂಟು ಆ ಪಟ್ಟಿಯ ಅಡಿಗೆ ಸಿಕ್ಕಿತೋ, ಸಂಜೆ ಹೊಟ್ಟೆಯ ಮೇಲೆ ನಿಂಬೆಹಣ್ಣಿನಷ್ಟು ಕಪ್ಪು ಕಲೆ. ಹೀಗಿರುವಾಗ ಆಲೂರಿನಲ್ಲಿ ರೆಡಿಮೇಡ್ ಹೊಲಿಸುವವರೊಬ್ಬರು, ಬಂಡೆ ಹತ್ತುವ ಹೆಣ್ಣುಮಕ್ಕಳಿಗೆ ಅಂತಲೇ ಉಡುಪು ಮಾಡುತ್ತೇನೆ, ನೀವೆಲ್ಲ ಹಾಕಿ ನೋಡಿ ಹೇಳಬೇಕು ಎಂದು ನಮ್ಮ ಶಿಬಿರಕ್ಕೆ ಬಂದಾಗ ನನಗೆ ಕೈಮುಗಿಯಬೇಕು ಅನ್ನಿಸಿತ್ತು. ಮುಗಿದೆ ಕೂಡ.

ಕತ್ತಿನವರೆಗೂ ಗುಂಡಿ ಹಾಕಿದ ತುಂಬುತೋಳಿನ ಶರ್ಟು, ಗರಿಗರಿ ಇಸ್ತ್ರಿ, ಪಾಲಿಶ್ ಮಾಡಿದ ಬೂಟು, ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು. ಆ ಟೇಪು ಯಾವ ಮನುಷ್ಯರ ಮೈ ಮುಟ್ಟಿದ್ದನ್ನೂ ನಾನು ಕಾಣಲಿಲ್ಲ. ಸಾರ್ ತುಂಬ ಮರ್ಯಾದಸ್ಥರು. ಈ ಮಾತನ್ನು ಅವರ ಪರಿಚಯದವರೆಲ್ಲ ಹೇಳುತ್ತಾರೆ, ಅವರೂ ಹೇಳಿಕೊಳ್ಳುತ್ತಾರೆ. ಹೆಂಗಸರ ಜೊತೆ ಮಾತಾಡುವಾಗ ಮುಖ ನೋಡುತ್ತಿರಲಿಲ್ಲ, ಟ್ಯೂಬ್‌ಲೈಟ್ ನೋಡಿಕೊಂಡು ಮಾತಾಡುತ್ತಿದ್ದರು. ಹೆಣ್ಣಿನ ಮೈಗೆ ಅವರ ಬಾಯಲ್ಲಿ ಎರಡೇ ಹೆಸರು: ಮೇಲಿನ ಭಾಗ, ಕೆಳಗಿನ ಭಾಗ. ಎದೆ, ಸೊಂಟ, ತೊಡೆ ಇವೆಲ್ಲ ಇರಲಿ, ಕಂಕುಳು ಅನ್ನುವ ಪದ ಕೂಡ ಅವರಿಗೆ ಹೇಳಲಾಗುತ್ತಿರಲಿಲ್ಲ. "ಆ ಜಾಗ" ಅನ್ನುತ್ತಿದ್ದರು. ಮಹಾನುಭಾವರು ಆರಿಸಿಕೊಂಡದ್ದು ಹೆಂಗಸರ ಬಟ್ಟೆ ಹೊಲಿಯುವ ಕಸುಬು ನೋಡಿ! ಕಿಟಕಿಯ ಪರದೆ ಹೊಲಿಯಬಹುದಿತ್ತು.

ಆಮೇಲೆ ಇಟ್ಟ ಉಡುಪಿನ ಪ್ರದರ್ಶನದ ದಿನವೊಂದನ್ನು ಬಿಟ್ಟರೆ ಅವರು ಬಂಡೆಯ ಬುಡಕ್ಕೆ ಬಂದದ್ದು ಒಂದೇ ಸಲ. ಹುಡುಗಿಯರು ಹೇಗೆ ಹತ್ತುತ್ತಾರೆ ನೋಡಿ ಸಾರ್, ಮಂಡಿ ಎಲ್ಲಿಗೆ ಬರುತ್ತೆ, ಕೈ ಎಲ್ಲಿಗೆ ಹೋಗುತ್ತೆ ನೋಡಿ ಎಂದು ನಾನೇ ಗೋಗರೆದು ಕರೆದಿದ್ದೆ. ಮಳೆಗಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ, ದಾರಿಯಲ್ಲಿ ಉಂಬಳ ಹತ್ತಿತು. ನಮಗೇನು ಹೊಸದೇ, ಹುಟ್ಟಿದಾಗಿನಿಂದ ಅವಕ್ಕೆ ರಕ್ತ ಕೊಟ್ಟುಕೊಂಡೇ ಬೆಳೆದವರು. ಸಾರ್ ಮಾತ್ರ ಇದ್ದಕ್ಕಿದ್ದಂತೆ ಒಂಟಿ ಕಾಲಲ್ಲಿ ಕುಣಿಯತೊಡಗಿದರು. ಪ್ಯಾಂಟಿನ ಒಳಗೆ ಹೋಗಿದೆ.

"ಪ್ಯಾಂಟ್ ಮೇಲಕ್ಕೆ ಮಡ್ಚಿ ಸಾರ್, ಒಂಚೂರು ಉಪ್ಪು ಹಾಕಿದ್ರೆ ಬಿದ್ದೋಗುತ್ತೆ" ಅಂದೆ.

"ಬೇಡಮ್ಮ, ಬೇಡ. ಹೆಣ್ಣುಮಕ್ಕಳ ಎದುರಿಗೆ ಅದೆಲ್ಲ ಚೆನ್ನಾಗಿರಲ್ಲ."

"ಮಂಡಿ ಸಾರ್! ಬರೀ ಮಂಡಿ! ನಾವು ನೋಡದೇ ಇರೋದಾ?"

ಊಹ್ಞೂಂ. ವಾಪಸು ಜೀಪಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತರು. ಬಂಡೆ ನೋಡಲಿಲ್ಲ, ಹತ್ತುವವರನ್ನು ನೋಡಲಿಲ್ಲ. ಉಂಬಳ ಹೊಟ್ಟೆತುಂಬ ಕುಡಿದು ತಾನಾಗೇ ಉದುರಿದ ಮೇಲೆ, ಬೂಟಿನ ಒಳಗೆಲ್ಲ ರಕ್ತ ಮಾಡಿಕೊಂಡು ಆಲೂರಿಗೆ ಹೊರಟುಹೋದರು. ಕಿಟಕಿಯಿಂದ ಕೈ ಬೀಸಿ, "ಎಲ್ಲ ಅರ್ಥವಾಯ್ತಮ್ಮ, ಇನ್ನು ನನಗೆ ಬಿಡಿ" ಅಂದರು. ತನ್ನ ಮಂಡಿ ತೋರಿಸಲು ನಾಚುವ ಮನುಷ್ಯ ನಮ್ಮ ಮಂಡಿಗೆ ಬಟ್ಟೆ ಕತ್ತರಿಸಲು ಹೊರಟಿದ್ದರು.

ಅಳತೆಯ ಕಥೆ ಕೇಳಿ. ನಾನು ಹೇಳಿದೆ, ನೀವು ಮುಟ್ಟುವುದು ಬೇಡ ಸಾರ್, ಟೇಪು ಕೊಡಿ, ನಾನೇ ಹುಡುಗಿಯರ ಅಳತೆ ತೆಗೆದುಕೊಡುತ್ತೇನೆ, ಕೈ ಇಳಿಬಿಟ್ಟಾಗ ಒಂದು, ಕೈ ಮೇಲೆತ್ತಿದಾಗ ಒಂದು. ಸಾರ್ ಟ್ಯೂಬ್‌ಲೈಟ್ ನೋಡಿದರು. "ಅದೆಲ್ಲ ನಮ್ಮ ಕಡೆ ರೂಢಿಯಿಲ್ಲಮ್ಮ. ಒಬ್ಬೊಬ್ಬರು ಒಂದೊಂದು ಅಳತೆ ಬಟ್ಟೆ ಕೊಟ್ಟುಬಿಡಿ, ಸಾಕು."

ಅಳತೆ ಬಟ್ಟೆ ಅಂದರೆ ನಮ್ಮ ಕಡೆ ಎಲ್ಲ ಹೆಂಗಸರಿಗೂ ಗೊತ್ತು. ಟೈಲರು ಮೈ ಅಳೆಯುವುದಿಲ್ಲ. ಸರಿಯಾಗಿ ಕೂರುವ ಹಳೆಯ ರವಿಕೆಯನ್ನೋ ಚೂಡಿದಾರವನ್ನೋ ಕವರಿನಲ್ಲಿ ಹಾಕಿ ಕೊಟ್ಟು, ಇದರ ಹಾಗೇ ಹೊಲೀರಿ ಅನ್ನುವುದು. ಮದುವೆಯ ರವಿಕೆಗೆ ಅದು ಸಾಕು, ಯಾಕೆಂದರೆ ಮದುವೆಯಲ್ಲಿ ಯಾರೂ ಬಂಡೆ ಹತ್ತುವುದಿಲ್ಲ. ಇನ್ನೊಂದು ವಿಷಯವೂ ಇದೆ. ಅಳತೆಗೆ ಅಂತ ಯಾವ ಬಟ್ಟೆ ಕೊಡುತ್ತೇವೆ? ದಿನಾ ಹಾಕುವ ಸಡಿಲ ಬಟ್ಟೆಯನ್ನೇ? ಯಾರಾದರೂ ಕೊಟ್ಟಾರೆಯೇ! ನಮ್ಮ ಹುಡುಗಿಯರೆಲ್ಲ ತಾವು ಚೆಂದ ಕಾಣುವ, ಮೈಗೆ ಅಂಟಿ ಕೂರುವ, ಉಸಿರು ಬಿಗಿಹಿಡಿದು ಫೋಟೋ ತೆಗೆಸಿಕೊಂಡ ಚೂಡಿದಾರಗಳನ್ನು ತಂದು ಕೊಟ್ಟರು. ನಮ್ಮ ಶಿಬಿರದ ಅಡಿಗೆಯ ಶೈಲಾ, ಅವಳ ವಿಷಯ ಮುಂದೆ ಬರುತ್ತದೆ, ತಂದದ್ದು ತನ್ನ ನಿಶ್ಚಿತಾರ್ಥದ ಟಾಪು. ಸಾರ್ ಅವನ್ನೆಲ್ಲ ಹ್ಯಾಂಗರಿಗೆ ತೂಗುಹಾಕಿ, ತೋಳು ಕೆಳಗೆ ಇಳಿಬಿದ್ದ ಹಾಗೇ ಅಳೆದು, ಅದೇ ಲೆಕ್ಕದಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಎಂದು ಸೈಜು ಕಟ್ಟಿಬಿಟ್ಟರು. ಸಕಲೇಶಪುರ, ಆಲೂರು ಎರಡೂ ತಾಲ್ಲೂಕಿನ ಬಂಡೆ ಹತ್ತುವ ಹೆಂಗಸರ ಅಳತೆ ಹೀಗೆ ನಿಶ್ಚಿತಾರ್ಥದ ಟಾಪಿನಿಂದ ಹುಟ್ಟಿತು.

ಮೊದಲ ಸಲ ಹೊಲಿದು ಕಳಿಸಿದ ಉಡುಪು ಬಂದಾಗ ಪ್ಯಾಂಟಿಗೆ ಮುಂದೆ ಲಂಗದ ಹಾಗೆ ಒಂದು ನೆರಿಗೆ ಇತ್ತು, ತೊಡೆಯ ಅರ್ಧದವರೆಗೆ. ಇದೇನು ಸಾರ್ ಅಂದೆ. ಹಾರ್ನೆಸ್ಸಿನ ಪಟ್ಟಿಗಳು ಕೆಳಗಿನ ಭಾಗದಲ್ಲಿ ಬಿಗಿದು ಕೂತಾಗ ನೋಡುವವರಿಗೆ ಮುಜುಗರ, ಅದಕ್ಕೆ ಮುಚ್ಚಿದ್ದೇನೆ ಅಂದರು. ಮುಖದಲ್ಲಿ ಎಂಥ ಸಂತೋಷ! ಅಯ್ಯಾ ಪುಣ್ಯಾತ್ಮ, ಹತ್ತುವ ಮೊದಲು ಪ್ರತಿ ಸಲವೂ ಜೊತೆಯವರು ಹಗ್ಗದ ಗಂಟು ನೋಡಬೇಕು, ಅದು ನಮ್ಮ ಮೊದಲ ಪಾಠ. ಗಂಟನ್ನೇ ಮುಚ್ಚಿಟ್ಟರೆ ನೋಡುವುದು ಏನನ್ನು? ಹುಡುಗಿಯರು ಅಡಿಗೆಮನೆಯಿಂದ ಕತ್ತರಿ ತಂದು ನೆರಿಗೆ ಕತ್ತರಿಸಿ ಎಸೆದರು. ಸಾರ್‌ಗೆ ತುಂಬ ನೋವಾಯಿತಂತೆ. "ನಾನು ನಿಮ್ಮ ಗೌರವಕ್ಕೇ ಅಲ್ಲವೇನಮ್ಮ ಇಷ್ಟು ಕಷ್ಟಪಟ್ಟಿದ್ದು" ಎಂದು ಫೋನಿನಲ್ಲಿ ಅಂದರು.

ಇನ್ನೊಂದು ಹೇಳಿಬಿಡುತ್ತೇನೆ, ನಾಚಿಕೆ ಇರುವವರು ಈ ಪ್ಯಾರಾ ಬಿಟ್ಟು ಓದಿ. ಬೆಳಿಗ್ಗೆ ಹಾರ್ನೆಸ್ ಕಟ್ಟಿಕೊಂಡರೆ ಎಷ್ಟೋ ಹೊತ್ತು ಬಿಚ್ಚುವ ಹಾಗಿಲ್ಲ. ಗಂಡಸರಿಗೆ ತೊಂದರೆಯಿಲ್ಲ, ಬಂಡೆಯ ಕಡೆ ತಿರುಗಿ ನಿಂತರಾಯಿತು. ನಮಗೆ ಉಚ್ಚೆ ಬಂದರೆ? ಆಲೂರಿನ ಅವರ ಮನೆಗೇ ಹೋಗಿ, ಅದಕ್ಕೆ ಹಿಂಬದಿಯಲ್ಲಿ ಬೇರೆ ಥರ ತೆರೆಯುವ ಹಾಗೆ ಹೊಲಿಗೆ ಬೇಕು ಸಾರ್, ಸೊಂಟದ ಪಟ್ಟಿ ಬಿಚ್ಚದೆ ಆಗಬೇಕು ಅಂದೆ. ನಾನು ಮಾತು ಮುಗಿಸುವುದರೊಳಗೆ ಸಾರ್ ಎದ್ದು, ಕರೆಂಟು ಹೋಯಿತೇನೋ ಎಂದು ಹೊರಗೆ ಹೋಗಿಬಿಟ್ಟರು. ಕರೆಂಟು ಇತ್ತು, ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು. ಆಮೇಲೆ ಅವರ ಹೆಂಡತಿ ಕಾಫಿ ಹಿಡಿದುಕೊಂಡು ಬಂದರು. ಪಾಪ, ಆಯಮ್ಮ ಜನ್ಮದಲ್ಲಿ ಹಾರ್ನೆಸ್ ಕಂಡವರಲ್ಲ. ನನ್ನ ಪಕ್ಕ ಕೂತು ಪಿಸುಗುಟ್ಟಿದರು: "ಯಜಮಾನ್ರು ಹೇಳೋಕೆ ಹೇಳಿದ್ರು... ಹತ್ತೋ ದಿನ ನೀರು ಕಮ್ಮಿ ಕುಡೀಬೇಕಂತೆ ಕಣಮ್ಮ." ಅದೇ ಅವರು ಕಂಡುಕೊಂಡ ವಿನ್ಯಾಸ.

ಈಗ ಆ ಒಂದು ಒಳ್ಳೆಯ ಮಾತು. ಸುಳ್ಳು ಹೇಳಬಾರದು, ಸಾರ್ ತರುತ್ತಿದ್ದ ಬಟ್ಟೆ ಬಹಳ ಒಳ್ಳೆಯದು. ಬೆವರು ಬೇಗ ಆರುತ್ತಿತ್ತು, ಕಲ್ಲಿಗೆ ಉಜ್ಜಿದರೂ ಸವೆಯುತ್ತಿರಲಿಲ್ಲ, ಹೊಲಿಗೆ ಒಂದೂ ಬಿಡುತ್ತಿರಲಿಲ್ಲ. ಬಟ್ಟೆಯನ್ನು ಬೆರಳ ನಡುವೆ ತಿಕ್ಕಿ, ಇದು ಎರಡು ಮಳೆಗಾಲ ಬರುತ್ತೆ, ಇದು ಬರಲ್ಲ ಎಂದು ಹೇಳುತ್ತಿದ್ದರು, ಹಾಗೇ ಆಗುತ್ತಿತ್ತು. ಬಟ್ಟೆ ಮುಟ್ಟಲು ಅವರಿಗೆ ನಾಚಿಕೆಯಿರಲಿಲ್ಲ. ಬಟ್ಟೆಯ ಒಳಗೆ ಒಬ್ಬಳು ಇರುತ್ತಾಳೆ ಅನ್ನುವುದೊಂದೇ ಅವರಿಗೆ ಕಷ್ಟವಾಗುತ್ತಿದ್ದದ್ದು.

ಶೈಲಾಳ ವಿಷಯ ಹೇಳದೆ ಇವರ ವಿಷಯ ಮುಗಿಯುವುದಿಲ್ಲ. ಶೈಲಾ ಯಸಳೂರು ಕಡೆಯ ಸೊಸೆ. ಗಂಡನಿಗೆ ಒಂದಿಷ್ಟು ಕಾಫಿ, ಮೆಣಸು, ಮನೆಯಲ್ಲಿ ಅತ್ತೆ. ನಮ್ಮ ಶಿಬಿರಕ್ಕೆ ಅಡಿಗೆ ಕೆಲಸಕ್ಕೆ ಬಂದವಳು. ಕೆಲಸ ಮುಗಿದ ಮೇಲೆ ಬಂಡೆಯ ಬುಡದಲ್ಲಿ ಕೂತು ನಾವು ಹತ್ತುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಒಂದು ದಿನ ಹತ್ತಿರ ಬಂದು, "ಗಿರಿಜಕ್ಕ, ನಾನೂ ಒಂದ್ಸಲ ನೋಡ್ಲಾ?" ಅಂದಳು. ನೋಡು ಅಂದೆ. ದೇವರಾಣೆಗೂ ಹೇಳುತ್ತೇನೆ, ಅಂಥ ಕೈ ನಾನು ಕಂಡಿಲ್ಲ. ನಾನು ವರ್ಷಗಟ್ಟಲೆ ಒದ್ದಾಡಿ ಕಲಿತದ್ದು ಅವಳಿಗೆ ಮೊದಲೇ ಗೊತ್ತಿತ್ತು. ಎರಡು ಬೆರಳು ಹೋಗುವಷ್ಟು ಬಿರುಕು ಸಿಕ್ಕರೆ ಸಾಕು, ಅಲ್ಲೇ ನಿಂತು ನಗುತ್ತಾ ಕೆಳಗಿನವರ ಜೊತೆ ಮಾತಾಡುತ್ತಿದ್ದಳು. ಆಮೇಲೆ ಅವಳಿಗೆ ಬೇಕಾದದ್ದು ಒಂದೇ: ಅಡಿಗೆಮನೆ ಬಿಟ್ಟು ಬಂಡೆಗೆ ಬರಬೇಕು, ನನ್ನ ಹಾಗೆ ಕಲಿಸುವವಳಾಗಬೇಕು. ರಾತ್ರಿ ಹಗಲು ಅದೇ ಧ್ಯಾನ. ಶಿಬಿರದ ಮಾಲೀಕರು ಕೊನೆಗೂ ಒಪ್ಪಿದರು. ಸಾರ್ ಉಡುಪಿನ ಪ್ರದರ್ಶನದ ದಿನ ಜನ ಬರುತ್ತಾರಲ್ಲ, ಅವತ್ತು ಎಲ್ಲರೆದುರು ದೊಡ್ಡ ಬಂಡೆ ಹತ್ತಲಿ, ಚೆನ್ನಾಗಿ ಹತ್ತಿದರೆ ಈ ಸೀಸನ್ನಿನಿಂದಲೇ ಅವಳೂ ಕಲಿಸಲಿ ಅಂದರು. ಶೈಲಾ ಅವತ್ತು ನನ್ನನ್ನು ಎತ್ತಿ ಗಿರಗಿರ ತಿರುಗಿಸಿಬಿಟ್ಟಳು.

ಇತ್ತ ಸಾರ್ ಟಾಪುಗಳನ್ನು ಕಳಿಸಿದ್ದರು. ಸುಂದರ ಬಣ್ಣ, ಒಳ್ಳೆಯ ಬಟ್ಟೆ, ಕೈ ಇಳಿಬಿಟ್ಟು ನಿಂತರೆ ಕಣ್ಣಿಗೆ ಹಬ್ಬ. ಕೈ ಮೇಲೆತ್ತಿದರೆ ಇಡೀ ಟಾಪು ಕೈ ಜೊತೆಗೇ ಮೇಲೆ ಹೋಗಿ, ಹಾರ್ನೆಸ್ಸಿನ ಪಟ್ಟಿಯ ಮೇಲೆ ಹೊಟ್ಟೆಯೆಲ್ಲ ಬಯಲು. ಆಗುವುದೇ ಹಾಗೆ, ತೋಳು ಮತ್ತು ಮೈ ಕೂಡುವ ಕಡೆ ಸಡಿಲವೇ ಇಲ್ಲ. ಕಂಕುಳಲ್ಲಿ ಅಂಗೈ ಅಗಲದ ಒಂದು ತುಂಡು ಬಟ್ಟೆ ಸೇರಿಸಿ ಸಾರ್, ಮುಗಿಯಿತು ಅಂದೆ. ಬಿಡಿಸಿ ಬಿಡಿಸಿ ಹೇಳಿದೆ. ನನ್ನ ಕೈಯನ್ನೇ ಮೇಲೆತ್ತಿ, ಇಲ್ಲಿ ಸಾರ್, ಇಲ್ಲಿ ಎಂದು ತೋರಿಸಲು ಹೋದೆ. ಅವರು ನನ್ನ ಕಂಕುಳು ಕಂಡು ಹಾವು ಕಂಡವರ ಹಾಗೆ ಮುಖ ತಿರುಗಿಸಿ, "ಗೊತ್ತಾಯ್ತು ಗೊತ್ತಾಯ್ತು, ಕೈ ಇಳಿಸಮ್ಮ" ಅಂದರು. ಗೊತ್ತಾಗಿದ್ದು ಏನು ಅಂದರೆ, ಮುಂದಿನ ಸಲ ಟಾಪನ್ನು ಕೆಳಗೆ ನಾಲ್ಕು ಬೆರಳು ಉದ್ದ ಮಾಡಿದರು. ಅದೂ ಮೇಲೆ ಹೋಯಿತು.

ಮಳೆ ನಿಂತು ಬಂಡೆ ಒಣಗಿದ ಮೇಲೆ ಪ್ರದರ್ಶನ ಇಟ್ಟರು. ಬಂಡೆಯ ಎದುರು ಶಾಮಿಯಾನ, ಕುರ್ಚಿ, ಬೆಂಗಳೂರಿನಿಂದ ಬಟ್ಟೆ ಅಂಗಡಿಯವರು, ಒಬ್ಬ ಕ್ಯಾಮೆರಾದವನು, ಊರಿನ ಮುಖಂಡರು. ಶೈಲಾಳ ಅತ್ತೆಯೂ ಬಂದಿದ್ದರು, ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರನ್ನು ನೋಡಿ ಸಾರ್‌ಗೆ ಬೆವರು. "ಹಳ್ಳಿ ಜನ, ಸಂಪ್ರದಾಯಸ್ಥರು, ಏನಾದರೂ ಹೆಚ್ಚುಕಮ್ಮಿಯಾದರೆ ಸೊಸೇನ ಮನೆಯಿಂದ ಹೊರಗೆ ಬಿಡಲ್ಲ" ಎಂದು ನನಗೆ ಎಚ್ಚರಿಕೆ ಕೊಟ್ಟರು.

ಶಿಬಿರದ ಹಿಂದೆ ಶೈಲಾ ಹೊಸ ಉಡುಪು ಹಾಕಿಕೊಂಡು ಎರಡೂ ಕೈ ಎತ್ತಿ ತೋರಿಸಿದಳು. "ನೋಡಕ್ಕ, ಹೆಂಗೆ ಹೋಗ್ಬುಡ್ತೈತೆ. ನನ್ ಹಳೆ ಟೀ ಶರ್ಟೇ ಹಾಕ್ಕತ್ತೀನಿ ಕಣಕ್ಕ, ಅದ್ರಾಗೆ ನಂಗೆ ಆರಾಮೈತೆ."

ಇಬ್ಬರೂ ಸಾರ್ ಹತ್ತಿರ ಹೋದೆವು. ಅವರು ಮೈಕು ಸರಿ ಮಾಡಿಸುತ್ತಿದ್ದರು.

"ಅದು ಹೇಗಮ್ಮ ಆಗುತ್ತೆ?" ಅಂದರು. "ಇವತ್ತು ಇವರೆಲ್ಲ ಬಂದಿರೋದೇ ಬಟ್ಟೆ ನೋಡೋಕೆ. ಈ ಬಟ್ಟೆ ಹಾಕದೇ ಇದ್ದರೆ ಇವತ್ತು ಹತ್ತೋದೇ ಬೇಡ."

"ಸಾರ್, ಕೈ ಎತ್ತಿದ್ರೆ ಹೊಟ್ಟೆ ಕಾಣುತ್ತೆ" ಅಂದೆ.

ಸಾರ್ ಒಂದು ಗಳಿಗೆ ಯೋಚನೆ ಮಾಡಿದರು. ಆಮೇಲೆ ಶಾಮಿಯಾನದ ಬಟ್ಟೆ ನೋಡುತ್ತಾ ಶೈಲಾಗೆ ಹೇಳಿದರು: "ಹಾಗಾದರೆ ಜಾಸ್ತಿ ಕೈ ಎತ್ತದೆ ಹತ್ತಮ್ಮ."

ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಬರಲಿಲ್ಲ. "ಕೈ ಎತ್ತದೆ ಬಂಡೆ ಹತ್ತೋದು ಹೆಂಗೆ ಸಾರ್?" ಅಂದೆ.

"ಸ್ವಲ್ಪ ನಾಜೂಕಾಗಿ ಹತ್ತಿದರಾಯ್ತಪ್ಪ. ಹೆಣ್ಣುಮಕ್ಕಳ ಥರ."

ಥೂ! ಅಲ್ಲೇ ಜಗಳಕ್ಕೆ ನಿಂತೆ. ಶೈಲಾ ನನ್ನ ಕೈ ಹಿಡಿದು ಎಳೆದಳು. "ಬುಡಕ್ಕ, ಇವತ್ತು ಹತ್ತಲಿಲ್ಲ ಅಂದ್ರೆ ನಾನು ಪಾತ್ರೆ ತೊಳ್ಕಂಡೇ ಇರ್ಬೇಕಾಯ್ತದೆ. ಹೊಟ್ಟೆ ಅಲ್ವಾ, ಕಂಡ್ರೆ ಕಾಣ್ಲಿ. ನಾನು ಆ ಕಡೆ ಗ್ಯಾನ ಕೊಡಕಿಲ್ಲ" ಅಂದಳು. ಹಾಗೇ ಹತ್ತಿದಳು.

ಹಗ್ಗ ಮೇಲಿನಿಂದ ಇಳಿಬಿಟ್ಟಿತ್ತು, ಅದರ ಇನ್ನೊಂದು ತುದಿ ನನ್ನ ಕೈಯಲ್ಲಿ. ಶೈಲಾ ಅವತ್ತು ಹತ್ತಿದ ಚೆಂದ ನಾನು ಏನೆಂದು ಬರೆಯಲಿ. ಒಂದು ಸಲವೂ ತಡವರಿಸಲಿಲ್ಲ. ಶಿಬಿರದ ಮಾಲೀಕರು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಅರ್ಧಕ್ಕಿಂತ ಮೇಲೆ ಒಂದು ಕಷ್ಟದ ಜಾಗವಿದೆ. ಬಲಗೈಯ ಎರಡು ಬೆರಳು ಬಿರುಕಿನಲ್ಲಿಟ್ಟು, ಮೈಯನ್ನೆಲ್ಲ ಅದರ ಮೇಲೆ ಬಿಟ್ಟು, ಎಡಗೈಯನ್ನು ಪೂರ್ತಿ ಮೇಲೆ ಚಾಚಬೇಕು. ಅವಳು ಚಾಚಿದಳು. ಟಾಪು ಮೇಲೆ ಹೋಯಿತು. ಹೋಗಲಿ, ಅವಳ ಕಣ್ಣು ಬಂಡೆಯ ಮೇಲಿತ್ತು, ಗಮನವೇ ಇರಲಿಲ್ಲ. ಕೂತಿದ್ದ ಜನರಲ್ಲಿ ಒಬ್ಬರೂ ಗಮನ ಕೊಟ್ಟಿರಲಿಲ್ಲ, ಎಲ್ಲರೂ ಆ ಚಾಚಿದ ಕೈಯನ್ನೇ ನೋಡುತ್ತಿದ್ದರು.

ಆಗ ಮೈಕಿನಲ್ಲಿ ಸಾರ್ ಕೂಗಿದರು: "ಅಮ್ಮಾ ಶೈಲಾ! ಬಟ್ಟೆ! ಬಟ್ಟೆ ಸರಿ ಮಾಡ್ಕೊಳಮ್ಮ!"

ಬಂಡೆಗೆ ಬಡಿದು ಆ ಮಾತು ಮತ್ತೆ ಒಂದು ಸಲ ಕೇಳಿಸಿತು. ಶೈಲಾ ಬೆಚ್ಚಿಬಿದ್ದಳು. ಚಾಚಿದ್ದ ಎಡಗೈ ತಟ್ಟನೆ ಕೆಳಗೆ ಬಂದು ಟಾಪು ಎಳೆಯಿತು. ಕಾಲು ಜಾರಿತು. ನಾನು ಹಗ್ಗ ಬಿಗಿ ಹಿಡಿದೇ ಇದ್ದೆ, ಅವಳು ಮೊಳದಷ್ಟೂ ಕೆಳಗೆ ಬರಲಿಲ್ಲ. ಆದರೆ ಆ ಎರಡು ಬೆರಳು ಬಿರುಕಿನಲ್ಲಿ ಸಿಕ್ಕಿಕೊಂಡಿದ್ದವು, ಮೈ ಮಾತ್ರ ತಿರುಗಿಹೋಯಿತು. ಅವಳು ಕಿರುಚಿದ್ದು ಈಗಲೂ ನನಗೆ ಕೇಳುತ್ತದೆ.

ಇಳಿಸಿ ನೆಲಕ್ಕೆ ಕೂರಿಸಿದೆವು. ಅತ್ತೆ ಕುರ್ಚಿಗಳನ್ನು ತಳ್ಳಿಕೊಂಡು ಓಡಿ ಬಂದರು. ಸಾರ್ ಹೆದರಿದ್ದ ಆ ಸಂಪ್ರದಾಯಸ್ಥ ಅತ್ತೆ, ಸೊಸೆಯ ಕೈ ನೋಡಿ ತಮ್ಮ ಹಣೆ ಹಣೆ ಚಚ್ಚಿಕೊಂಡರು.

"ಹೊಟ್ಟೆ ಕಂಡ್ರೆ ಕಾಣ್ಲಿ ಬುಡೇ! ಕೈ ಯಾಕೆ ಬುಟ್ಟೆ? ಕೈ ಯಾಕೆ ಬುಟ್ಟೆ ನೀನು?"

ಆಮೇಲೆ ಸಾರ್ ಕಡೆ ತಿರುಗಿದರು. "ಏನಯ್ಯಾ, ಅಷ್ಟೆತ್ತರದಾಗೆ ಇರೋಳ್ನ ಹಂಗ್ ಕೂಗ್ತಾರೇನಯ್ಯಾ? ಅತ್ತೆ ನಾನು, ನಾನೇ ಬಾಯ್ ಮುಚ್ಕಂಡ್ ಕುಂತಿವ್ನಿ. ನೀನ್ಯಾವನಯ್ಯಾ ಅವ್ಳ ಬಟ್ಟೆ ನೋಡಕೆ?"

ಸಾರ್ ಅತ್ತೆಗೆ ಬೆನ್ನು ಹಾಕಿದರು. ಮೈಕು ಇನ್ನೂ ಕೈಯಲ್ಲೇ ಇತ್ತು. ಬೆಂಗಳೂರಿನ ಅಂಗಡಿಯವರ ಕಡೆ ನೋಡಿ, "ಯಾರೂ ಗಾಬರಿಯಾಗಬೇಡಿ, ಉಡುಪಿಗೆ ಏನೂ ಆಗಿಲ್ಲ" ಅಂದರು.

ಸಕಲೇಶಪುರದಲ್ಲಿ ಕಟ್ಟು ಹಾಕಿ ಹಾಸನಕ್ಕೆ ಕಳಿಸಿದರು. ಹಾಸನದಲ್ಲಿ ಆಪರೇಷನ್ ಮಾಡಿ ಬೆರಳೊಳಗೆ ತಂತಿ ಇಟ್ಟರು, ತೆಗೆದರು. ಗಾಯ ಮಾಯಿತು, ಬೆರಳು ಮಡಚಲಿಲ್ಲ. ಶೈಲಾ ಬಿಡಲಿಲ್ಲ. ಕಟ್ಟು ಬಿಚ್ಚಿದ ಮೇಲೆ ದಿನಾ ಬಿಸಿನೀರಿನಲ್ಲಿ ಕೈಯಿಟ್ಟು, ರಾಗಿ ಹಿಟ್ಟು ನಾದಿ ನಾದಿ, ಎಣ್ಣೆ ತಿಕ್ಕಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಬೆರಳು ಬಗ್ಗಿಸಲು ನೋಡಿದಳು. ಆಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ ನನ್ನನ್ನು ಕರೆದುಕೊಂಡು ಬಂಡೆಗೆ ಬಂದಳು. ಬಲಗೈ ಇಟ್ಟಳು, ಮೈ ಎತ್ತಿದಳು, ಕೈ ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಕೊನೆಗೆ ಬಂಡೆಗೆ ಹಣೆಯಿಟ್ಟು ಬಹಳ ಹೊತ್ತು ನಿಂತಳು. ಕಲಿಸುವ ಕೆಲಸಕ್ಕೆ ಮಾಲೀಕರು ಕಾದರು, ಇನ್ನೆಷ್ಟು ಕಾಯುತ್ತಾರೆ, ಬೇರೆಯವರನ್ನು ತಂದರು. ಶೈಲಾ ಈಗಲೂ ಶಿಬಿರದ ಅಡಿಗೆಮನೆಯಲ್ಲಿದ್ದಾಳೆ. ಎಡಗೈಯಲ್ಲಿ ಈರುಳ್ಳಿ ಹೆಚ್ಚುವುದನ್ನು ಕಲಿತಿದ್ದಾಳೆ.

ಸಾರ್ ಒಂದು ಸಲ ಆಸ್ಪತ್ರೆಗೆ ಬಂದಿದ್ದರು, ಕಿತ್ತಳೆ ಹಣ್ಣು ತಂದಿದ್ದರು. ಕಿಟಕಿ ನೋಡುತ್ತಾ ಕೂತು, "ಬಟ್ಟೆಯ ತಪ್ಪಲ್ಲಮ್ಮ ಅದು, ನೀನು ಗಾಬರಿಯಾದೆ. ಆದರೂ ದೇವರು ದೊಡ್ಡವನು, ಮರ್ಯಾದೆ ಉಳೀತು" ಅಂದರು. ನಾನು ಕಿತ್ತಳೆ ಹಣ್ಣಿನ ಚೀಲ ಅವರ ಕೈಗೇ ಕೊಟ್ಟು ಬಾಗಿಲವರೆಗೆ ಬಿಟ್ಟುಬಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ದಡ್ಡ ಮನುಷ್ಯ, ಹೋಗಲಿ ಎಂದು ನಾನೂ ಸುಮ್ಮನಾಗುತ್ತಿದ್ದೆ. ಕ್ಯಾಮೆರಾದವನು ಆ ಕ್ಷಣವನ್ನೇ ಹಿಡಿದಿದ್ದ: ಶೈಲಾ ಒಂದು ಕೈಯಲ್ಲಿ ಬಂಡೆ ಹಿಡಿದು, ಇನ್ನೊಂದು ಕೈಯಲ್ಲಿ ಟಾಪು ಕೆಳಗೆ ಎಳೆಯುತ್ತಿರುವುದು. ಕಾಲು ಜಾರುವುದಕ್ಕೆ ಒಂದು ಉಸಿರಿನಷ್ಟು ಮೊದಲು. ಸಾರ್ ಅದನ್ನೇ ದೊಡ್ಡದು ಮಾಡಿಸಿ, ಕೆಳಗೆ "ಎತ್ತರದಲ್ಲೂ ಮರ್ಯಾದೆ" ಎಂದು ಬರೆಸಿ ಜಾಹೀರಾತು ಮಾಡಿದರು. ಆ ಫೋಟೋ ನೋಡಿ ಜನ ಬಟ್ಟೆ ಕೊಂಡರು. ಸಭೆಗಳಲ್ಲಿ ಸಾರ್‌ಗೆ ಶಾಲು ಹೊದಿಸಿದರು. ಸಾರ್ ಶೈಲಾಳನ್ನು ಒಂದು ಮಾತು ಕೇಳಲಿಲ್ಲ. ಬದಲಿಗೆ ಫ್ರೇಮ್ ಹಾಕಿಸಿದ ಒಂದು ಪ್ರತಿಯನ್ನು ಅವಳ ಮನೆಗೆ ಕಳಿಸಿದರು. ಅತ್ತೆ ಅದರ ಹಿಂದಿನ ಹಲಗೆಯನ್ನು ಕಿತ್ತು ಕೋಳಿಗೂಡಿನ ಬಾಗಿಲಿಗೆ ಹೊಡೆದರು.

ಇನ್ನು ಆ ಬೀಳ್ಕೊಡುಗೆ. ನಾನು ಹೋಗುವವಳಲ್ಲ. ಶೈಲಾಳೇ, "ಹೋಗ್ ಬರಣ ಬಾರಕ್ಕ. ನನ್ ಫೋಟೋನ ಅಷ್ಟ್ ದೊಡ್ದಾಗಿ ಹಾಕವ್ರಂತೆ, ನಾನೂ ಒಂದ್ಸಲ ನೋಡ್ಕತ್ತೀನಿ" ಅಂದಳು. ಹೋದೆವು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಶೈಲಾ, ಅವಳ ಮುಂದೆ ಹಾರ ಹಾಕಿಸಿಕೊಂಡು ಸಾರ್. ಒಬ್ಬರಾದ ಮೇಲೊಬ್ಬರು ಎದ್ದು, ಹೆಣ್ಣುಕುಲದ ಗೌರವ ಕಾಯ್ದವರು, ಸಾಹಸಕ್ಕೂ ಸಭ್ಯತೆಗೂ ಸೇತುವೆ ಕಟ್ಟಿದವರು ಎಂದೆಲ್ಲ ಹೊಗಳಿದರು. ಶೈಲಾ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಫೋಟೋದಲ್ಲಿ ಬಿರುಕಿನೊಳಗೆ ಹೋಗಿದ್ದ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಇನ್ನೂ ಮುರಿಯದಿದ್ದ ಬೆರಳುಗಳು.

ಊಟಕ್ಕೆ ಎದ್ದಾಗ ಸಾರ್ ಜನರ ನಡುವೆ ನಡೆದುಕೊಂಡು ನಮ್ಮ ಹತ್ತಿರ ಬಂದರು. ವಯಸ್ಸಾದ ಮೇಲೆ ಅವರಿಗೆ ಆಶೀರ್ವಾದ ಮಾಡುವ ಚಟ ಹತ್ತಿತ್ತು. ಶೈಲಾಳ ತಲೆಯ ಮೇಲೆ ಕೈಯಿಟ್ಟರು. ನಾನು ಕಂಡ ಹಾಗೆ ಅವರು ಒಬ್ಬ ಹೆಣ್ಣುಮಗಳನ್ನು ಮುಟ್ಟಿದ್ದು ಅದೇ ಮೊದಲು.

"ಹೇಗಿದ್ದೀಯಮ್ಮ? ಈಗಲೂ ಹತ್ತುತ್ತೀಯಾ?"

"ಇಲ್ಲ ಸಾರ್. ಕೈ ಹಿಡಿಯಕಿಲ್ಲ" ಅಂದಳು ಶೈಲಾ.

ಸಾರ್ ಮುಖ ಅರಳಿತು. "ಒಳ್ಳೇದಾಯ್ತು ಬಿಡಮ್ಮ" ಅಂದರು, ಬಹಳ ಪ್ರೀತಿಯಿಂದ. "ಅದೆಲ್ಲ ಯಾಕೆ ಬೇಕು ಹೆಣ್ಣುಮಕ್ಕಳಿಗೆ. ಸಂಸಾರ ನೋಡ್ಕೊಂಡು ಹಾಯಾಗಿರು."

ಅವರ ಮುಖಕ್ಕೆ ಏನು ಅಂದುಬಿಡಬೇಕು ಎಂದು ನನಗೆ ತೋಚುವುದರೊಳಗೆ ಶೈಲಾ ಬಲಗೈ ಎತ್ತಿದಳು. ಮಡಚದ ಆ ಎರಡು ಬೆರಳುಗಳನ್ನು ಸಾರ್ ಮಣಿಕಟ್ಟಿನ ಕೆಳಗೆ ತೂರಿಸಿ, ತಲೆಯ ಮೇಲಿದ್ದ ಅವರ ಕೈಯನ್ನು ಎತ್ತಿ, ನಿಧಾನವಾಗಿ ಪಕ್ಕಕ್ಕೆ ಬಿಟ್ಟಳು.

"ಒಳ್ಳೇದಾಗಿದ್ದು ನಿಮ್ಗೆ ಸಾರ್" ಅಂದಳು. "ನಂಗೆ ಹತ್ಬೇಕಾಗಿತ್ತು."